ನಮ್ಮ ಮನೆಯವರ ಆಂಟೆನಾ ಮತ್ತು ಭಾನುಪ್ರಿಯಾ

ಗಂಡನ ಬಾಯಲ್ಲಿ ಬೇರೆ ಹೆಂಗಸಿನ ಹೆಸರು ಹೊತ್ತು ಹೊತ್ತಿಗೂ ಬರುತ್ತಿದ್ದರೆ ಯಾವ ಹೆಂಡತಿ ತಾನೆ ಸುಮ್ಮನಿರುತ್ತಾಳೆ? ನಾನಂತೂ ಸುಮ್ಮನಿರಲಿಲ್ಲ. ತಿಂಡಿಗೆ ಕೂತರೆ ಭಾನುಪ್ರಿಯಾ, ಸ್ಕೂಟರ್ ಒರೆಸುವಾಗ ಭಾನುಪ್ರಿಯಾ, ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೂ ಭಾನುಪ್ರಿಯಾ. ಒಳ್ಳೆಯ ಮಾತೇನಲ್ಲ, ಎಲ್ಲ ಬೈಗುಳವೇ. ಆದರೂ ಹೆಸರು ಹೆಸರೇ ಅಲ್ಲವೆ? ಬೈಯುವುದಕ್ಕಾದರೂ ನನ್ನ ಹೆಸರನ್ನು ಅಷ್ಟು ಸಲ ಎತ್ತಿದವರಲ್ಲ ಅವರು.

ಅವರು ಎಂದರೆ ನನ್ನ ಗಂಡ ರವಿಚಂದ್ರ. ದೇವನಹಳ್ಳಿಯಲ್ಲೇ ಹುಟ್ಟಿ ಅಲ್ಲೇ ಬೆಳೆದವರು. ಹೈಸ್ಕೂಲು ಮುಗಿಯುವ ಮೊದಲೇ ಕೇಬಲ್ ಟಿವಿಯವರ ಹಿಂದೆ ಬಿದ್ದು, ಕಂಡವರ ಮಾಳಿಗೆ ಹತ್ತಿ ಇಳಿದು ಕೆಲಸ ಕಲಿತರು. ಆಮೇಲೆ ಡಿಶ್ ಬಂತು, ಡಿಶ್ ಕೂರಿಸಿದರು. ಈಗ ಎಲ್ಲರಿಗೂ ಸಿಸಿ ಕ್ಯಾಮೆರಾ ಬೇಕು, ಅದನ್ನು ಹಾಕುತ್ತಾರೆ. ಎತ್ತರದ ಜಾಗ ಕಂಡರೆ ಅವರಿಗೆ ಕಾಲು ನಿಲ್ಲುವುದಿಲ್ಲ. ನನ್ನನ್ನು ನೋಡಲು ಬಂದ ದಿನ ನಮ್ಮ ಅಪ್ಪನ ಮನೆಯ ಟಿವಿಯಲ್ಲಿ ಬರೀ ಚುಕ್ಕಿ ಚುಕ್ಕಿ. ಹುಡುಗಿ ಕಾಫಿ ತರುವಷ್ಟರಲ್ಲಿ ಹುಡುಗ ಮಾಳಿಗೆಯ ಮೇಲಿದ್ದ. ಆಂಟೆನಾ ತಿರುಗಿಸಿ ಇಳಿದು ಬಂದಾಗ ಚಿತ್ರ ಸ್ಪಷ್ಟವಾಗಿತ್ತು, ಅಪ್ಪ ಅಲ್ಲೇ ಒಪ್ಪಿಬಿಟ್ಟರು. ನನ್ನ ಮುಖವನ್ನು ಅವರು ಸರಿಯಾಗಿ ನೋಡಿದ್ದು ಧಾರೆಯ ಹೊತ್ತಿಗೇ ಇರಬೇಕು.

ಅವರ ಹುಚ್ಚು ವಿಮಾನದ್ದು. ನಮ್ಮೂರಿನ ಮಗ್ಗುಲಲ್ಲೇ ವಿಮಾನಗಳು ಏಳುತ್ತವೆ, ಇಳಿಯುತ್ತವೆ. ಊರವರೆಲ್ಲ ಆ ಸದ್ದಿಗೆ ಗೊಣಗಿ ಸುಮ್ಮನಾದರೆ ಇವರು ಅದಕ್ಕೆ ಕಿವಿ ಕೊಟ್ಟು ಕೂತರು. ಹಾರುವ ಪ್ರತಿ ವಿಮಾನವೂ ತಾನು ಯಾರು, ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ರೇಡಿಯೊದಲ್ಲಿ ಸಾರುತ್ತಲೇ ಹೋಗುತ್ತದಂತೆ. ಟೆರೇಸಿನ ಮೇಲೆ ಒಂದು ಆಂಟೆನಾ, ಅದರ ಕೆಳಗೆ ಅಂಗೈಯಗಲದ ಒಂದು ಕಂಪ್ಯೂಟರ್, ಅದಕ್ಕೆ ಚುಚ್ಚುವ ಬೆರಳುದ್ದದ ಒಂದು ಕಡ್ಡಿ. ಇಷ್ಟಿದ್ದರೆ ನಮಗೂ ಅದು ಕೇಳಿಸುತ್ತದೆ. ಕೇಳಿಸಿದ್ದನ್ನು ಇಂಟರ್ನೆಟ್ಟಿನಲ್ಲಿ ಒಂದು ವೆಬ್‌ಸೈಟಿಗೆ ಕಳಿಸಿದರೆ ಅದರವರು ನಕ್ಷೆಯ ಮೇಲೆ ವಿಮಾನ ಹಾರಿಸಿ ತೋರಿಸುತ್ತಾರೆ. ಯಾರ ಆಂಟೆನಾಗೆ ಎಷ್ಟು ದೂರದ ವಿಮಾನ ಕೇಳಿಸಿತು ಎಂದು ಮೇಲೆ ಕೆಳಗೆ ಸಾಲು ಹಚ್ಚುತ್ತಾರೆ. ಗಂಡಸರಿಗೆ ಯಾವುದಾದರೂ ಒಂದು ಸಾಲು ಸಿಕ್ಕರೆ ಸಾಕು, ಅದರ ತುದಿಯಲ್ಲಿ ನಿಲ್ಲಬೇಕು ಎನಿಸುತ್ತದೆ.

ಇದೇ ಹುಚ್ಚಿನವರು ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು, ಬಯಲುಸೀಮೆ ಆಂಟೆನಾ ಬಳಗ ಎಂದು. ಹೊಸಕೋಟೆ, ನೆಲಮಂಗಲ, ಕೋಲಾರದ ಕಡೆಯವರೆಲ್ಲ ಅದರಲ್ಲಿದ್ದರು. ಯಾವ ಕೇಬಲ್ ಒಳ್ಳೆಯದು, ಬೆಸುಗೆ ಯಾಕೆ ಬಿಡುತ್ತದೆ, ಮಳೆಗಾಲದಲ್ಲಿ ನೀರು ಹೇಗೆ ತಡೆಯುವುದು, ದಿನವಿಡೀ ಅದೇ ಚರ್ಚೆ. ಅಲ್ಲಿ ನಮ್ಮವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗುರು ಎನ್ನುತ್ತಿದ್ದರು. ಬೆಂಗಳೂರಿನ ಹುಡುಗರು ಆಟೋದವನಿಗೂ ಹೇಳುವ ಗುರು ಅಲ್ಲ, ನಿಜವಾದ ಗುರು.

ಆ ಹೆಸರು ಬಂದದ್ದು ಒಂದು ಪಾಠದಿಂದ. ವೆಬ್‌ಸೈಟು ಪ್ರತಿ ಆಂಟೆನಾಗೂ ಒಂದು ಚಿತ್ರ ಬರೆದು ಕೊಡುತ್ತದೆ. ನಡುವೆ ಆಂಟೆನಾ ಇರುವ ಮನೆಯ ಚುಕ್ಕಿ, ಸುತ್ತ ಒಂದು ಗೆರೆ. ಯಾವ ದಿಕ್ಕಿನಲ್ಲಿ ಎಷ್ಟು ದೂರ ಕೇಳಿಸುತ್ತದೋ ಗೆರೆ ಅಲ್ಲಿಯವರೆಗೆ ಹೋಗುತ್ತದೆ. ಬಯಲಾದರೆ ದುಂಡಗೆ ಬರುತ್ತದೆ. ಬೆಟ್ಟ ಅಡ್ಡ ಬಂದ ಕಡೆ, ಯಾರೋ ರೊಟ್ಟಿಯ ಅಂಚು ಕಚ್ಚಿದ ಹಾಗೆ, ಗೆರೆ ಒಳಕ್ಕೆ ಸರಿಯುತ್ತದೆ. ನಮ್ಮ ಗೆರೆಗೆ ಉತ್ತರದಲ್ಲಿ ಒಂದು ಕಚ್ಚು, ಅದು ನಂದಿಬೆಟ್ಟದ್ದು. ಇದನ್ನೆಲ್ಲ ನಮ್ಮವರು ಉದ್ದಕ್ಕೆ ಬರೆದು, ವಿಳಾಸ ಬೇಡ, ಗೆರೆ ತೋರಿಸಿದರೆ ಸಾಕು, ನಿಮ್ಮ ಆಂಟೆನಾ ಯಾವ ಬೆಟ್ಟದ ಪಕ್ಕದಲ್ಲಿದೆ ಎಂದು ನಾನು ಹೇಳುತ್ತೇನೆ ಎಂದು ಸವಾಲು ಹಾಕಿದರು. ಸೋಂಪುರದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬರು ಬರೀ ಗೆರೆ ಕಳಿಸಿದರು. ನಿಮ್ಮ ದಕ್ಷಿಣಕ್ಕೆ ಶಿವಗಂಗೆ ಎಂದರು ಇವರು. ಸರಿಯಿತ್ತು. ಅಂದಿನಿಂದ ಗುರು. ಆ ವಾರವೆಲ್ಲ ಮನೆಯಲ್ಲಿ ನಾನೂ ಗುರುಪತ್ನಿಯ ಹಾಗೆ ಓಡಾಡಿದೆ.

ಹೀಗಿರುವಾಗ ಭಾನುಪ್ರಿಯಾ ಬಂದಳು. ಮಾಕಳಿದುರ್ಗದ ಬೆಟ್ಟದ ಮೂಡಣ ಮಗ್ಗುಲಿನ ಹಳ್ಳಿಯವಳು. ಗುಂಪಿಗೆ ಸೇರಿದವಳೇ, ಕಡ್ಡಿ ಬಿಸಿಯಾಗುತ್ತದೆ, ಏನು ಮಾಡಲಿ ಎಂದು ಕೇಳಿದಳು. ನಮ್ಮವರು ಉತ್ಸಾಹದಿಂದ ಉತ್ತರ ಬರೆದರು. ತಂತಿಯನ್ನು ಎಷ್ಟುದ್ದ ಕತ್ತರಿಸಬೇಕು, ಕೇಬಲನ್ನು ಹೇಗೆ ಕೂಡಿಸಬೇಕು ಎಂದು ಧ್ವನಿ ಸಂದೇಶದಲ್ಲಿ ಪಾಠ ಹೇಳಿದರು. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಎಲ್ಲ ಕೇಳಿಸಿಕೊಂಡೆ. ಇಪ್ಪತ್ತು ವರ್ಷದಲ್ಲಿ ನನ್ನ ಹತ್ತಿರ ಆ ಧ್ವನಿಯಲ್ಲಿ ಮಾತಾಡಿದ್ದು ನೆನಪಿಲ್ಲ. ಅವಳು ಡೈರಿಯ ಹಳೆಯ ಹಾಲಿನ ಕ್ಯಾನಿನ ಮುಚ್ಚಳಕ್ಕೆ ತೂತು ಕೊರೆದು, ಅದರ ಮೇಲೆ ತಂತಿ ನಿಲ್ಲಿಸಿ ಆಂಟೆನಾ ಮಾಡಿದಳು. ತಿಂಗಳು ತುಂಬುವುದರೊಳಗೆ ಸಾಲಿನಲ್ಲಿ ಅವಳ ಹೆಸರು ಮೇಲೆ, ನಮ್ಮವರದು ಕೆಳಗೆ.

ಆಗ ಶುರುವಾಯಿತು ನೋಡಿ ಹೊಟ್ಟೆಕಿಚ್ಚು. ನಾನು ತಾಮ್ರವನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕತ್ತರಿಸುತ್ತೇನೆ, ಅವಳು ಹಾಲಿನ ಮುಚ್ಚಳದಲ್ಲಿ ಗೆಲ್ಲುತ್ತಾಳೆ ಎಂದು ಹಲ್ಲು ಕಡಿದರು. ಹೊಸ ಕೇಬಲ್ ತಂದರು. ಕಂಬವನ್ನು ಇನ್ನಷ್ಟು ಎತ್ತರಿಸಿದರು. ನನ್ನ ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿ, ಒದ್ದೆ ಸೀರೆ ಅಲೆಗೆ ಅಡ್ಡ ಬರುತ್ತದೆ ಎಂದರು. ಏನು ಮಾಡಿದರೂ ನಂದಿಬೆಟ್ಟ ಜರುಗಲಿಲ್ಲ. ಗುಂಪಿನಲ್ಲಿ ಯಾರಾದರೂ ಅವಳನ್ನು ಹೊಗಳಿದರೆ ಇವರ ಕಿವಿ ಕೆಂಪಾಗುತ್ತಿತ್ತು. ಹೊಸಬರು ತಮ್ಮ ಪ್ರಶ್ನೆಗಳನ್ನು ಇವರನ್ನು ಬಿಟ್ಟು ಅವಳನ್ನು ಕೇಳತೊಡಗಿದಾಗಲಂತೂ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ನನ್ನ ಕಿಚ್ಚು ಬೇರೆ ತರಹದ್ದು. ಆಸೆಯಿಂದ ಇನ್ನೊಬ್ಬಳ ಹೆಸರು ಹೇಳುವ ಗಂಡನ ಜತೆ ಜಗಳವಾಡಬಹುದು, ತವರಿಗೆ ಹೋಗುತ್ತೇನೆ ಎಂದು ಹೆದರಿಸಬಹುದು. ಹೊಟ್ಟೆಕಿಚ್ಚಿನಿಂದ ಹೇಳುವವನ ಜತೆ ಏನೆಂದು ಜಗಳವಾಡುವುದು? ಅವಳ ಫೋನಿನ ಚಿತ್ರದಲ್ಲಿ ಮುಖ ಕೂಡ ಇರಲಿಲ್ಲ, ಒಂದು ಸೀಮೆಹಸು ಇತ್ತು. ಮುಖವಿಲ್ಲದ್ದಕ್ಕೆ ನಾನೇ ಒಂದು ಮುಖ ಬರೆದುಕೊಂಡೆ. ದಿನದಿನಕ್ಕೆ ಅದು ಚೆಲುವಾಗುತ್ತಾ ಹೋಯಿತು.

ಕೊನೆಗೆ ತಂಗಿ ರಮ್ಯನಿಗೆ ಫೋನು ಮಾಡಿದೆ. ರಮ್ಯನನ್ನು ಕೊಟ್ಟಿರುವುದು ಅದೇ ಮಾಕಳಿದುರ್ಗದ ಕಡೆಗೆ, ಅವಳ ಊರಿನವರು ಹಾಲು ಹಾಕುವುದೂ ಭಾನುಪ್ರಿಯಾಳ ಹಳ್ಳಿಯ ಡೈರಿಗೇ. ಅವಳು ನಗುತ್ತಾ ಎಲ್ಲ ಹೇಳಿದಳು. ಭಾನುಪ್ರಿಯಾ ಆ ಡೈರಿಯ ಸೆಕ್ರೆಟರಿಯಂತೆ, ಗಂಡ ಕೋಳಿ ಸಾಕುತ್ತಾನಂತೆ. ಹಾಲಿಗೆ ನೀರು ಬೆರೆಸಿದರೆ ಅವಳ ಕಣ್ಣು ತಪ್ಪಿಸುವ ಹಾಗೇ ಇಲ್ಲವಂತೆ.

"ಹಿಡಿದ್ರೂ ಎಲ್ರ ಮುಂದೆ ಬಾಯಿ ಬಿಡಲ್ಲ ಕಣಕ್ಕ," ಎಂದಳು ರಮ್ಯ. "ಸುಮ್ನೆ ಹಾಲು ಸುರ್ಕೊತಾಳೆ. ಆಮೇಲೆ ಖಾಲಿ ಕ್ಯಾನು ಹಿಡ್ಕೊಂಡು ಅವ್ರ ಮನೆ ಬಾಗ್ಲಿಗೇ ಹೋಗಿ, ಅವ್ರಿಗೆ ಮಾತ್ರ ಕೇಳೋ ಹಂಗೆ ಹೇಳಿ ಬರ್ತಾಳೆ. ಅದಕ್ಕೇ ಅವ್ಳು ಕ್ಯಾನು ಹಿಡ್ಕೊಂಡು ಬೀದೀಲಿ ಬಂದ್ರೆ ಜನ ನಡುಗ್ತಾರೆ."

ಇದನ್ನು ಕೇಳಿ ನನಗೆ ಸಮಾಧಾನವೇನೂ ಆಗಲಿಲ್ಲ. ಕೆಟ್ಟವಳಾಗಿದ್ದರೆ ದ್ವೇಷಿಸುವುದು ಸುಲಭವಿತ್ತು.

ಅಷ್ಟರಲ್ಲಿ ಗುಂಪಿನಲ್ಲಿ ಒಂದು ದೊಡ್ಡ ವಾದ ಎದ್ದಿತು. ಹೊಸಕೋಟೆಯ ಒಬ್ಬರು, ಎತ್ತರದ ಜಾಗವೇ ಮುಖ್ಯ, ದೇವನಹಳ್ಳಿಯ ಹಳ್ಳದಲ್ಲಿ ಕೂತು ಗುರುಗಳಾದರೂ ಏನು ಮಾಡಿಯಾರು ಎಂದು ಬರೆದರು. ಅನುಕಂಪದಿಂದಲೇ ಬರೆದದ್ದು. ಅದೇ ನಮ್ಮವರಿಗೆ ಚುಚ್ಚಿತು. ಜಾಗ ಏನೂ ಅಲ್ಲ, ಕೈಚಳಕ ಇದ್ದರೆ ಸಾಕು ಎಂದು ಇವರು ಉತ್ತರಿಸಿದರು. ಇದೇ ಮನೆಯ ಟೆರೇಸಿನಿಂದ ಭಾನುಪ್ರಿಯಾಳನ್ನು ಹಿಂದೆ ಹಾಕುತ್ತೇನೆ, ಯುಗಾದಿಯೊಳಗೆ ಆಗದಿದ್ದರೆ ಇನ್ನು ಮುಂದೆ ನನ್ನನ್ನು ಯಾರೂ ಗುರು ಎನ್ನಬೇಡಿ ಎಂದು ಎಲ್ಲರ ಮುಂದೆ ಬರೆದುಬಿಟ್ಟರು. ಅದನ್ನು ನನಗೆ ಓದಿ ತೋರಿಸುವಾಗಲೇ ಅವರ ಧ್ವನಿ ಅರ್ಧ ಇಳಿದಿತ್ತು. ಊರಿನಲ್ಲಿ ಅವರನ್ನು ಕ್ಯಾಮೆರಾ ರವಿ ಎನ್ನುತ್ತಾರೆ. ಗುರು ಎನ್ನುವವರು ಅಲ್ಲಿ ಮಾತ್ರ ಇದ್ದರು.

ಅವರೆಕಾಯಿ ಕಾಲದ ಒಂದು ಭಾನುವಾರ ರಮ್ಯನ ಮನೆಗೆ ಊಟಕ್ಕೆ ಹೋದೆವು. ಅವಳ ಗಂಡ ಆನಂದ್ ಎರಡಂತಸ್ತಿನ ಹೊಸ ಮನೆ ಕಟ್ಟಿಸಿದ್ದ. ಮನೆ ಇರುವುದೇ ದಿಬ್ಬದ ಮೇಲೆ, ಅದರ ಮೇಲೆ ನೀರಿನ ಟ್ಯಾಂಕು. ಹಿತಕಿದ ಬೇಳೆ ಸಾರು ಬಡಿಸುವಷ್ಟರಲ್ಲಿ ನಮ್ಮವರು ಟ್ಯಾಂಕಿನ ಪಕ್ಕ ನಿಂತು ನಾಲ್ಕು ದಿಕ್ಕೂ ನೋಡುತ್ತಿದ್ದರು. ಮುಂದಿನ ವಾರ ಮತ್ತೆ ಬಂದಾಗ ಸ್ಕೂಟರಿನಲ್ಲಿ ನಮ್ಮ ಆಂಟೆನಾ, ಕಂಪ್ಯೂಟರ್, ಕಡ್ಡಿ ಎಲ್ಲ ಇತ್ತು. ಷಡ್ಡಕನಿಗೆ ಏನೋ ಪರೀಕ್ಷೆ ಮಾಡುತ್ತಿದ್ದೇನೆ ಎಂದರು. ವೆಬ್‌ಸೈಟಿಗೆ ಮಾತ್ರ ಜಾಗ ಬದಲಾದದ್ದನ್ನು ತಿಳಿಸಲಿಲ್ಲ. ಅದರ ಲೆಕ್ಕದಲ್ಲಿ ಆಂಟೆನಾ ಇನ್ನೂ ದೇವನಹಳ್ಳಿಯಲ್ಲೇ ಇತ್ತು.

ಸರಿಯಲ್ಲ ಎಂದು ನಾನು ಹೇಳಲಿಲ್ಲ. ಭಾನುಪ್ರಿಯಾ ಸಾಲಿನಲ್ಲಿ ಕೆಳಗೆ ಬಿದ್ದರೆ ಅವಳ ಹೆಸರು ನನ್ನ ಮನೆಯಿಂದ ತೊಲಗುತ್ತದೆ ಎಂದು ನಾನೇ ರಮ್ಯನನ್ನು ಬಾಯಿ ಮುಚ್ಚಿಕೊಂಡಿರಲು ಒಪ್ಪಿಸಿದೆ. ಖಾಲಿಯಾದ ಕಂಬಕ್ಕೆ ಖುಷಿಯಿಂದ ಬಟ್ಟೆಯ ಹಗ್ಗ ಕಟ್ಟಿದೆ.

ಕೆಲವೇ ದಿನಕ್ಕೆ ನಮ್ಮವರು ಸಾಲಿನ ತುದಿಗೆ ಹತ್ತಿದರು. ಗೆದ್ದವರು ಗೆದ್ದು ಸುಮ್ಮನಿರಬೇಕಿತ್ತು. ಇವರು ತಮ್ಮ ಹೊಸ ಗೆರೆಯ ಚಿತ್ರ ತೆಗೆದು ಗುಂಪಿಗೇ ಹಾಕಿದರು, ನೋಡಿ ಕೈಚಳಕ ಎಂದು. ಚಪ್ಪಾಳೆ, ಹೂವು, ನಮಸ್ಕಾರಗಳು ಸಾಲಾಗಿ ಬಂದವು. ಹೊಸಕೋಟೆಯವರು ಕ್ಷಮೆ ಕೇಳಿದರು. ಎಲ್ಲರೂ ಗುರು ಗುರು ಎಂದರು. ನಮ್ಮವರು ಜಿಲೇಬಿ ತಂದು ನನಗೆ ಕೈಯಾರೆ ಕೊಟ್ಟರು.

ಹೆಸರು ತೊಲಗಿತೇ? ಎಲ್ಲಿ ಬಂತು. ಮಾರನೆಯ ದಿನದಿಂದ ಬೇರೆ ರಾಗ. ಎಲ್ಲರೂ ಬರೆದರು, ಭಾನುಪ್ರಿಯಾ ಮಾತ್ರ ಏನೂ ಬರೆಯಲಿಲ್ಲ, ಯಾಕೆ ಬರೆಯಲಿಲ್ಲ, ಅವಳಿಗೆ ಎಷ್ಟು ಉರಿಯುತ್ತಿರಬೇಕು ನೋಡು. ಹೀಗೆ ಬೆಳಿಗ್ಗೆಯಿಂದ ಸಂಜೆಯವರೆಗೆ. ಉಳಿದ ಜಿಲೇಬಿಯ ಮೇಲೆ ಮುಚ್ಚಳ ಹಾಕಿಟ್ಟೆ.

ಒಂದು ಶನಿವಾರ ಬೆಳಿಗ್ಗೆ, ನಮ್ಮವರು ಇನ್ನೂ ಕೆಲಸಕ್ಕೆ ಹೊರಟಿರಲಿಲ್ಲ. ನಾನು ಬ್ಲೌಸಿನ ಕೊಕ್ಕೆ ಹೊಲಿಯುತ್ತಿದ್ದಾಗ ಬಾಗಿಲಲ್ಲಿ ಯಾರೋ ನಿಂತರು. ನನ್ನದೇ ವಯಸ್ಸಿನ ಹೆಂಗಸು. ಎಣ್ಣೆ ಹಚ್ಚಿ ಬಿಗಿದ ಜಡೆ, ನೀಲಿ ಸೀರೆ, ಬಿಸಿಲಿಗೆ ಕಂದಿದ ಮುಖ. ಕೈಯಲ್ಲಿ ಒಂದು ಹಾಲಿನ ಕ್ಯಾನು.

"ಕವಿತಕ್ಕ ಅಲ್ವಾ? ನಾನು ಭಾನುಪ್ರಿಯಾ. ರವಿಯಣ್ಣ ಅವ್ರೆ?"

ನಾನು ಮುಖ ನೋಡುವುದನ್ನು ಬಿಟ್ಟು ಆ ಕ್ಯಾನನ್ನೇ ನೋಡಿದೆ. ರಮ್ಯ ಹೇಳಿದ್ದು ನೆನಪಾಗಿ ಸೂಜಿ ಬೆರಳಿಗೆ ಚುಚ್ಚಿತು. ಹಸು ಕರು ಹಾಕಿದೆ, ಗಿಣ್ಣುಹಾಲು ತಂದಿದ್ದೇನೆ ಎಂದು ಅವಳು ಕ್ಯಾನನ್ನು ನನ್ನ ಕೈಗೆ ಕೊಟ್ಟಳು. ಕ್ಯಾನು ಭಾರವಾಗಿತ್ತು.

ನಮ್ಮವರು ಒಳಗಿನಿಂದ ಬಂದು, ಯಾರೆಂದು ತಿಳಿದ ಮೇಲೆ, ಒಂದು ಗಳಿಗೆ ಪೆಚ್ಚಾಗಿ ನಿಂತರು. ಕಾಫಿಯಾಯಿತು. ಮಳೆ, ಬಸ್ಸು, ಹಾಲಿನ ಮಾತಾಯಿತು. ಆಮೇಲೆ ಅವಳು ಲೋಟ ಕೆಳಗಿಟ್ಟು, ಅಣ್ಣನ ಆಂಟೆನಾ ಒಂದು ಸಲ ನೋಡಬೇಕಿತ್ತು ಎಂದಳು. ಇವರು ಬಿಸಿಲು ಎಂದರು, ಮೆಟ್ಟಿಲು ಸರಿಯಿಲ್ಲ ಎಂದರು. ಅವಳು, ಹೊಲದಲ್ಲಿ ಗೇಯುವವಳಿಗೆ ಎಂಥ ಬಿಸಿಲು ಎಂದು ಎದ್ದೇಬಿಟ್ಟಳು. ಮೂವರೂ ಮೇಲೆ ಹೋದೆವು. ಕಂಬದಲ್ಲಿ ನನ್ನ ಲಂಗ, ಇವರ ಎರಡು ಬನಿಯನ್ನು ಒಣಗುತ್ತಿದ್ದವು. ಆಂಟೆನಾ ಎಲ್ಲಿರಬೇಕೋ ಅಲ್ಲಿ ಬರೀ ಆಕಾಶ.

"ರಿಪೇರಿಗೆ ಬಿಚ್ಚಿದೀನಿ ಕಣಮ್ಮ," ಎಂದರು ನಮ್ಮವರು. "ಕೇಬಲ್ ಒಳಗೆ ನೀರು ಹೋಗ್ಬಿಟ್ಟಿತ್ತು."

ಬಿಚ್ಚಿಟ್ಟ ಆಂಟೆನಾ ಆ ಗಳಿಗೆಯಲ್ಲೂ ವೆಬ್‌ಸೈಟಿಗೆ ವಿಮಾನಗಳನ್ನು ಕಳಿಸುತ್ತಲೇ ಇತ್ತು. ಅದನ್ನು ಯಾರ ಫೋನಿನಲ್ಲಾದರೂ ನೋಡಬಹುದಿತ್ತು. ಅವಳು ಫೋನು ತೆಗೆಯಲಿಲ್ಲ. ಕಂಬದ ಪಕ್ಕ ನಿಂತು ಉತ್ತರಕ್ಕೆ ತಿರುಗಿ, ಅಲ್ಲಿ ಮಸುಕಾಗಿ ಕಾಣುತ್ತಿದ್ದ ನಂದಿಬೆಟ್ಟವನ್ನು ಸ್ವಲ್ಪ ಹೊತ್ತು ನೋಡಿದಳು.

"ಬೆಟ್ಟ ಅಲ್ಲೇ ಐತಲ್ಲಣ್ಣ," ಎಂದಳು. "ನಿಮ್ಮ ಹೊಸ ಗೆರೇಲಿ ಅದು ಇಲ್ಲ. ಅದ್ರ ಬದ್ಲು ಪಡುವಲ ಕಡೆ ನಮ್ ಬೆಟ್ಟ ಬಂದೈತೆ."

ನಮ್ಮವರ ಮುಖ ಬಿಳುಚಿತು. "ಯಾರು ಹೇಳಿದ್ದು? ರಮ್ಯನಾ?" ಎಂದುಬಿಟ್ಟರು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರು.

"ರಮ್ಯ ಏನೂ ಹೇಳಿಲ್ಲ. ಗೆರೆ ನೋಡಿದ್ರೆ ಬೆಟ್ಟ ಗೊತ್ತಾಯ್ತದೆ ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ? ಗುಂಪಿಗೆ ಸೇರ್ದಾಗಿಂದ ನಿಮ್ಮ ಗೆರೆ ದಿನಾ ನೋಡ್ತೀನಿ ನಾನು, ಕಲಿಯೋಕೆ. ಕಣ್ಮುಚ್ಕೊಂಡು ಬರಿ ಅಂದ್ರೂ ಬರೀತೀನಿ." ಮೆಟ್ಟಿಲ ಕಡೆ ತಿರುಗಿ ಮತ್ತೆ ಹೇಳಿದಳು. "ಅಲ್ಲಿ ಯಾರ್ಗೂ ಹೇಳಲ್ಲ ಅಣ್ಣ. ಇದು ಇಲ್ಲಿಗೇ ಇರ್ಲಿ."

ನನ್ನ ಕೈಯಿಂದ ಕುಂಕುಮ ತೆಗೆದುಕೊಂಡು, ಖಾಲಿ ಕ್ಯಾನು ಹಿಡಿದುಕೊಂಡು ಹೋದಳು. ಅವಳು ಬೀದಿಯ ತಿರುವು ದಾಟುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ. ನಾನು ಬರೆದುಕೊಂಡ ಮುಖಕ್ಕೂ ಅವಳ ಮುಖಕ್ಕೂ ಏನೂ ಸಂಬಂಧವಿರಲಿಲ್ಲ. ನನ್ನ ಹಾಗೇ ಇದ್ದಳು. ಅದು ಇನ್ನೂ ಸಂಕಟ.

ನಮ್ಮವರು ಆ ದಿನ ಕೆಲಸಕ್ಕೆ ಹೋಗಲಿಲ್ಲ. ಮಂಚದ ಮೇಲೆ ಕೂತು ಗೋಡೆ ನೋಡಿದರು. ನಾಚಿಕೆಯಾಗಿದೆ, ಪಾಪ ಎಂದುಕೊಂಡೆ. ಮಧ್ಯಾಹ್ನ ಬಾಯಿ ಬಿಟ್ಟಾಗ ಗೊತ್ತಾಯಿತು, ನಾಚಿಕೆಗಿಂತ ದೊಡ್ಡದು ಬೇರೆ ಇತ್ತು. ಅವಳು ಹೇಳದೆ ಇರುವುದರಿಂದ ಅವಳೇ ದೊಡ್ಡವಳಾಗುತ್ತಾಳೆ, ಇನ್ನು ಮೇಲೆ ಯಾರಾದರೂ ನನ್ನನ್ನು ಗುರು ಎಂದಾಗಲೆಲ್ಲ ಅದು ಅವಳು ಕೊಟ್ಟ ಭಿಕ್ಷೆಯಾಗುತ್ತದೆ ಎಂದರು. ಫೋನು ತೆಗೆದು ಆಂಟೆನಾ ಎಲ್ಲಿತ್ತು, ಯಾಕೆ ಇಟ್ಟೆ, ಯಾರು ಕಂಡುಹಿಡಿದರು ಎಂದು ಎಲ್ಲವನ್ನೂ ಗುಂಪಿಗೆ ಬರೆದುಬಿಟ್ಟರು. ಲೋಕ ಅದನ್ನು ಪ್ರಾಮಾಣಿಕತೆ ಎಂದಿತು. ನಾನು ಮನೆಯೊಳಗಿನವಳು, ನನಗೆ ಗೊತ್ತು, ಅದು ಅಪ್ಪಟ ಹೊಟ್ಟೆಕಿಚ್ಚು.

ಗುಂಪಿನಲ್ಲಿ ಮೊದಲು ಸೋಂಪುರದವರು, ಬರೀ ಗೆರೆ ನೋಡಿ ಹಿಡಿದಿರಾ ಭಾನುಪ್ರಿಯಾ ಅವರೇ, ಇನ್ನು ನೀವೇ ನಮ್ಮ ಗುರು ಎಂದರು. ಉಳಿದವರೆಲ್ಲ ಅದಕ್ಕೇ ಹೂವು ಸುರಿದರು. ಸೋತರೆ ಗುರು ಎನ್ನಬೇಡಿ ಎಂದು ಬರೆದವರು ಇವರೇ ತಾನೆ? ಯಾರೂ ಅನ್ನಲಿಲ್ಲ. ಅವಳೊಬ್ಬಳು ಮಾತ್ರ, ನಾನು ಕಲಿತದ್ದೆಲ್ಲ ರವಿಯಣ್ಣನಿಂದ, ಗುರು ಅವರೇ ಎಂದು ಬರೆದಳು. ಆ ಸಂದೇಶಕ್ಕೆ ಯಾರೂ ಉತ್ತರಿಸದೆ ಅದು ಮೇಲೆ ಸರಿದುಹೋಯಿತು.

ಮಾರನೆಯ ದಿನ ಆಂಟೆನಾ ಮನೆಗೆ ಬಂತು. ನನ್ನ ಹಗ್ಗ ಮತ್ತೆ ಬಿಚ್ಚಿತು. ಗೆರೆಯಲ್ಲಿ ನಂದಿಬೆಟ್ಟದ ಕಚ್ಚು ಮೊದಲಿನ ಜಾಗದಲ್ಲೇ ಬಂದು ಕೂತಿತು. ಭಾನುವಾರವಲ್ಲವೆ, ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣನ್ನು ಊಟದ ಜತೆ ಬಡಿಸಿದೆ. ನಮ್ಮವರು ತಲೆ ತಗ್ಗಿಸಿ ತಿನ್ನುತ್ತಿದ್ದರು. ಈಗ ಬೈಗುಳ ಬರುತ್ತದೆ ಎಂದು ಕಾದೆ. ಅವರು ತಲೆಯೆತ್ತಿದಾಗ ಮುಖದಲ್ಲಿ ಎಂಥದೋ ಒಂದು ನಾಚಿಕೆ, ಒಂದು ನಗು. ಮದುವೆಯ ದಿನವೂ ಅದನ್ನು ನಾನು ಕಂಡಿರಲಿಲ್ಲ.

"ನನ್ನ ಗೆರೇನ ದಿನಾ ನೋಡ್ತಿದ್ಲಂತೆ ಕಣೇ," ಎಂದರು.

ಇನ್ನೊಂದು ಚೂರು ಗಿಣ್ಣು ಇದೆಯಾ ಎಂದು ಕೇಳಿದರು. ಪಾತ್ರೆಯಲ್ಲಿ ಅರ್ಧ ಹಾಗೇ ಇತ್ತು. ಮುಗಿಯಿತು ಎಂದೆ.